ಅಂಚಿನ ನೆಲದ ಹೂವು: ಭೀಮಾತೀರದಲ್ಲಿ ಗೌರಿಹೂವಿನ ನೆಲೆ

ಕರಜಗಿಯಲ್ಲಿ ನಿಂತು ಕಾಡುಹೂವಿನ ಮೇಲೆ ದತ್ತಿ ಉಪನ್ಯಾಸ ಕೊಡುವುದು ತುಸು ವಿಚಿತ್ರ ಎಂದು ಯಾರಿಗಾದರೂ ಅನಿಸಿದರೆ ಅದರಲ್ಲಿ ತಪ್ಪೇನೂ ಇಲ್ಲ. ಅಫಜಲಪುರ ತಾಲ್ಲೂಕಿನ ಈ ಹೋಬಳಿ ಊರಿನ ಸುತ್ತ ಕಾಣುವುದು ತೊಗರಿ, ಜೋಳ, ನೀರು ಹಾಯ್ದಲ್ಲೆಲ್ಲ ಕಬ್ಬು. ಕಲಬುರಗಿ ಜಿಲ್ಲೆಯ ನೆಲದಲ್ಲಿ ಅರಣ್ಯದ ಪಾಲು ಶೇಕಡಾ 5ನ್ನೂ ಮುಟ್ಟುವುದಿಲ್ಲ. ಆ ಅಷ್ಟರಲ್ಲೂ ಕಾಡು ಎಂದು ಕರೆಯಬಹುದಾದದ್ದು ಜಿಲ್ಲೆಯ ಇನ್ನೊಂದು ತುದಿಯ ಚಿಂಚೋಳಿ ಕಡೆಗಿದೆ. ಆಳಂದ, ಅಫಜಲಪುರ, ಜೇವರ್ಗಿಗಳಿಗೆ ಉಳಿಯುವುದು ಹೆಸರಿಗಷ್ಟೇ ಕಾಡು. ಹಾಗಾದರೆ ಇಲ್ಲಿ ಕಾಡುಹೂವಿನ ಮಾತೇಕೆ ಎಂಬ ಪ್ರಶ್ನೆ ಸಹಜ. ಆ ಪ್ರಶ್ನೆಯ ಬೆನ್ನಿಗೆ ಒಂದು ನಂಬಿಕೆ ಅಂಟಿಕೊಂಡಿದೆ: ಕಾಡು ಹೋಯಿತು, ಆದ್ದರಿಂದ ಹೂವೂ ಹೋಯಿತು, ಕಾಡು ಬೆಳೆಸಿದರೆ ಹೂವು ತಾನೇ ಬಂದೀತು. ಈ ನಂಬಿಕೆ ಅರ್ಧ ಮಾತ್ರ ನಿಜ, ಉಳಿದರ್ಧದಿಂದ ಹಾನಿಯೇ ಹೆಚ್ಚು ಎಂಬುದು ನನ್ನ ವಾದ. ಅದಕ್ಕೆ ಸಾಕ್ಷಿಯಾಗಿ ಒಂದೇ ಒಂದು ಗಿಡವನ್ನು ಎತ್ತಿಕೊಂಡಿದ್ದೇನೆ. ಕನ್ನಡದಲ್ಲಿ ಅದಕ್ಕೆ ಗೌರಿಹೂ, ಕೋಳಿಕುಟುಮ, ಅಗ್ನಿಶಿಖೆ, ಕರಡಿಕಣ್ಣಿನ ಗಡ್ಡೆ ಎಂದೆಲ್ಲ ಹೆಸರುಂಟು. ಗಡಿಯಾಚೆಯ ಮರಾಠಿಯವರು ಕಳಲಾವಿ ಎನ್ನುತ್ತಾರೆ. ಶಾಸ್ತ್ರದ ಹೆಸರು ಗ್ಲೋರಿಯೋಸಾ ಸುಪರ್ಬಾ. ಇಟ್ಟವನು ಲಿನೇಯಸ್, 1753ರಲ್ಲಿ.

ಇದೊಂದು ಬಳ್ಳಿ, ಆದರೆ ಕುಂಬಳ, ಹೀರೆಗಳ ಹಾಗೆ ಪ್ರತ್ಯೇಕ ಕುಡಿಬಳ್ಳಿ ಬಿಟ್ಟು ಹತ್ತುವುದಿಲ್ಲ. ಎಲೆಯ ತುದಿಯೇ ಉದ್ದಕ್ಕೆ ಎಳೆದುಕೊಂಡು, ಸುರುಳಿಯಾಗಿ, ಸಿಕ್ಕ ಕಡ್ಡಿಯನ್ನು ಹಿಡಿಯುತ್ತದೆ. ದೊಡ್ಡ ಮರದ ಬೊಡ್ಡೆ ಆ ಸಣ್ಣ ಸುರುಳಿಯ ಹಿಡಿತಕ್ಕೆ ಸಿಗುವುದಿಲ್ಲ. ಬೆರಳಿಗಿಂತ ತೆಳ್ಳಗಿನ ಕಡ್ಡಿ ಬೇಕು, ಅಂದರೆ ಪೊದೆ ಬೇಕು. ಈ ಒಂದು ಸಣ್ಣ ಸಂಗತಿಯಲ್ಲೇ ಗಿಡದ ನೆಲೆ ಯಾವುದೆಂಬುದು ಅರ್ಧ ತಿಳಿದುಹೋಗುತ್ತದೆ. ಮರಗಳು ತಲೆ ಕೂಡಿಸಿದ ದಟ್ಟ ನೆರಳಿನಲ್ಲಿ ಅದಕ್ಕೆ ಬೆಳಕು ಸಾಲದು, ಹತ್ತಲು ಕಡ್ಡಿಯೂ ಇರುವುದಿಲ್ಲ. ಬರೀ ಹುಲ್ಲಿನ ಬಯಲಿನಲ್ಲಿ ಬೆಳಕು ಧಾರಾಳ, ಆದರೆ ಆಸರೆಯಿಲ್ಲ. ಕಾಡು ಮುಗಿದು ಬಯಲು ಶುರುವಾಗುವ ಅಂಚಿನಲ್ಲಿ, ಕವಳಿ, ಬಾರಿ, ಕಾರಿ ಗಿಡಗಳು ಒಂದಕ್ಕೊಂದು ಹೆಣೆದುಕೊಂಡ ಕಡೆ ಅದಕ್ಕೆ ಎರಡೂ ಸಿಗುತ್ತವೆ. ಮುಳ್ಳಿನ ಪೊದೆಯ ಬುಡದಲ್ಲಿ ಹುಟ್ಟಿ, ಅದರೊಳಗಿಂದಲೇ ಏರಿ, ಮೇಲೆ ಬಂದು ಬಿಸಿಲಿಗೆ ಹೂಬಿಡುವುದು ಅದರ ಬದುಕಿನ ಕ್ರಮ.

ಇನ್ನು ನೆಲದೊಳಗಿನ ಕಥೆ. ಬೇಸಿಗೆಯಲ್ಲಿ ಈ ಗಿಡ ಮೇಲೆ ಕಾಣುವುದೇ ಇಲ್ಲ. ಎರಡು ತೋಳಿನ, ನೇಗಿಲಿನಂತೆ ಬಾಗಿದ ಗಡ್ಡೆಯೊಂದು ಮಣ್ಣೊಳಗೆ ನಿದ್ರಿಸುತ್ತಿರುತ್ತದೆ. ಮಿರಗದ ಮಳಿ ಬಿದ್ದು ನೆಲ ತಂಪಾದ ಮೇಲೆ ತೋಳಿನ ತುದಿಯ ಮೊಳಕೆ ಎದ್ದು ಬರುತ್ತದೆ. ಮೊಳಕೆ ಇರುವುದು ತುದಿಯಲ್ಲಿ ಮಾತ್ರ. ಆಲೂಗಡ್ಡೆಯ ಹಾಗೆ ಮೈತುಂಬ ಕಣ್ಣಿಲ್ಲ. ಅಗೆಯುವಾಗ ತುದಿ ಮುರಿದರೆ ಉಳಿದ ತುಂಡು ಎಷ್ಟೇ ದಪ್ಪಗಿರಲಿ, ಚಿಗುರುವುದಿಲ್ಲ. ಹಳೆಯ ಗಡ್ಡೆ ಆ ವರ್ಷದ ಬಳ್ಳಿಗೆ ತನ್ನ ಸತ್ವವನ್ನೆಲ್ಲ ಕೊಟ್ಟು ಬತ್ತುತ್ತದೆ. ಮಳೆಗಾಲ ಮುಗಿಯುವುದರೊಳಗೆ ಬಳ್ಳಿ ಹೊಸ ಗಡ್ಡೆ ಕಟ್ಟಿಕೊಂಡಿರಬೇಕು. ಶ್ರಾವಣ, ಭಾದ್ರಪದಗಳಲ್ಲಿ, ಹೂವು ಇರುವಾಗಲೇ, ಬಳ್ಳಿಯನ್ನು ಕೊಯ್ದರೆ ಆ ವರ್ಷದ ಹೂವು ಹೋಗುವುದರ ಜೊತೆಗೆ ಮುಂದಿನ ವರ್ಷದ ಗಡ್ಡೆಯೂ ಬಡವಾಗುತ್ತದೆ. ಬೀಜದಿಂದ ಬಂದ ಸಸಿಯಾದರೋ ಹೂಬಿಡುವುದಕ್ಕೆ ಮೂರು ನಾಲ್ಕು ವರ್ಷ ಬೇಕು. ಇಷ್ಟು ನಿಧಾನದ ಜೀವಕ್ಕೆ ಪ್ರತಿವರ್ಷ ಉಳುವ ಹೊಲದಲ್ಲಿ ಜಾಗವಿಲ್ಲ. ಅಲುಗಾಡದ ನೆಲವೇ ಬೇಕು.

ಆ ನೆಲದ ಗುಣವೂ ಮುಖ್ಯ. ಗಡ್ಡೆಗೆ ನೀರು ನಿಲ್ಲುವುದು ಆಗದು, ಕೊಳೆಯುತ್ತದೆ. ಅಫಜಲಪುರ, ಆಳಂದ ಸೀಮೆಯ ಬಹುಭಾಗ ದಖ್ಖನ್ನಿನ ಲಾವಾಶಿಲೆ, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ಕಲ್ಲು ಸವೆದು ಆದದ್ದೇ ನಮ್ಮ ಎರಿ ಭೂಮಿ. ಎರಿ ನೆಲ ಮಳೆಯಲ್ಲಿ ಉಬ್ಬಿ ನೀರು ಹಿಡಿದಿಡುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಅಗಲಕ್ಕೆ ಬಿರಿಯುತ್ತದೆ. ಹಿಂಗಾರಿ ಜೋಳಕ್ಕೆ ವರವಾದ ಈ ಗುಣವೇ ಗೌರಿಹೂವಿನ ಗಡ್ಡೆಗೆ ಶಾಪ. ಆದ್ದರಿಂದ ಈ ಸೀಮೆಯಲ್ಲಿ ಅದಕ್ಕೆ ಒಗ್ಗುವ ಜಾಗಗಳು ಮೊದಲಿನಿಂದಲೂ ಕಡಿಮೆ: ಗರಸು ಮೇಲೆದ್ದ ಮರಡಿ, ಹಳ್ಳದ ಇಳಿಜಾರಿನ ದಂಡೆ, ಕಲ್ಲು ಹಾಕಿ ಎತ್ತರಿಸಿದ ಹಳೆಯ ಬದು, ಜೇವರ್ಗಿ ಕಡೆ ಸುಣ್ಣಕಲ್ಲಿನ ಬಿರುಕುಗಳಲ್ಲಿ ನಿಂತ ತೆಳು ಮಣ್ಣು. ನಕಾಶೆಯಲ್ಲಿ ನೋಡಿದರೆ ಇವೆಲ್ಲ ಗೆರೆಗಳು, ಚುಕ್ಕೆಗಳು. ವಿಸ್ತಾರವಾದ ಪ್ರದೇಶವೆಂಬುದು ಇವುಗಳಲ್ಲಿ ಒಂದೂ ಇಲ್ಲ. ಹೊಲದ ಲೆಕ್ಕಕ್ಕೂ ಬರುವುದಿಲ್ಲ, ಅರಣ್ಯದ ಲೆಕ್ಕಕ್ಕೂ ಬರುವುದಿಲ್ಲ.

ಹೂವಿನ ರಚನೆಯನ್ನು ನೋಡಿದರೆ ಅಂಚಿನ ನಂಟು ಇನ್ನೂ ಸ್ಪಷ್ಟವಾಗುತ್ತದೆ. ಮೊಗ್ಗು ತಲೆಕೆಳಗಾಗಿ ತೂಗುತ್ತದೆ; ಅರಳುವಾಗ ಆರೂ ಎಸಳುಗಳು ಹಿಂದಕ್ಕೆ ಮಡಚಿ ಮೇಲಕ್ಕೆ ಏಳುತ್ತವೆ. ಅಂಚು ಸುಕ್ಕುಸುಕ್ಕು. ಮೊದಲು ಹಸಿರು, ಆಮೇಲೆ ಹಳದಿ, ದಿನ ಕಳೆದಂತೆ ಬುಡದ ಹಳದಿ ಉಳಿದು ತುದಿ ಕೆಂಪು, ಕೊನೆಗೆ ಎಲ್ಲವೂ ಕೆಂಪು. ಒಂದೇ ಬಳ್ಳಿಯಲ್ಲಿ ಈ ಬಣ್ಣಗಳೆಲ್ಲ ಒಟ್ಟಿಗೆ ಕಾಣುವುದರಿಂದ ಇದಕ್ಕೆ ಬೆಂಕಿಯ ಹೆಸರು ಬಂದಿರಬೇಕು. ಆರು ಕೇಸರಗಳು ಗಾಡಿಯ ಗಾಲಿಯ ಅರೆಗಳಂತೆ ಸುತ್ತಲೂ ಚಾಚಿರುತ್ತವೆ. ವಿಚಿತ್ರವೆಂದರೆ ಶಲಾಕೆ: ಅಂಡಾಶಯದಿಂದ ಹೊರಟ ಕೂಡಲೇ ಲಂಬಕೋನಕ್ಕೆ ತಿರುಗಿ ಪಕ್ಕಕ್ಕೆ ಹೋಗಿಬಿಡುತ್ತದೆ. ಇಷ್ಟೊಂದು ದೂರ ದೂರ ಇಟ್ಟುಕೊಂಡರೆ ಪರಾಗ ಸೇರುವುದು ಹೇಗೆ? ದಕ್ಷಿಣ ಆಫ್ರಿಕದ ಸಂಶೋಧಕರು 2020ರಲ್ಲಿ ಇದಕ್ಕೆ ಉತ್ತರ ಪ್ರಕಟಿಸಿದರು. ತೂಗುವ ಹೂವಿಗೆ ಚಿಟ್ಟೆ ಬಂದು ಎಸಳಿನ ಬುಡದ ಮಕರಂದ ಹೀರುವಾಗ ಅದರ ರೆಕ್ಕೆ ಕೇಸರಕ್ಕೂ ಶಲಾಕಾಗ್ರಕ್ಕೂ ತಾಗುತ್ತದೆ. ಪರಾಗ ಪ್ರಯಾಣ ಮಾಡುವುದು ಕಾಲಿನಲ್ಲೋ ಸೊಂಡಿಲಿನಲ್ಲೋ ಅಲ್ಲ, ರೆಕ್ಕೆಯ ಮೇಲೆ. ಹೂವಿನ ಅಗಲ, ಕೇಸರದ ಚಾಚು, ಶಲಾಕೆಯ ತಿರುವು ಎಲ್ಲವೂ ರೆಕ್ಕೆ ಬಡಿಯುವ ಅಳತೆಗೆ ಹೊಂದಿಕೊಂಡಿವೆ. ಅಲ್ಲಿ ಮುಖ್ಯ ಪಾತ್ರ ವಹಿಸಿದ್ದು ಬಿಳಿ, ಹಳದಿ ರೆಕ್ಕೆಯ ಪಿಯರಿಡೇ ಕುಟುಂಬದ ಚಿಟ್ಟೆಗಳು. ಅದೇ ಕುಟುಂಬದ ಚಿಟ್ಟೆಗಳು ನಮ್ಮ ಭೀಮಾತೀರದಲ್ಲೂ ಮಳೆಗಾಲದಲ್ಲಿ ಹೇರಳ. ಅವುಗಳ ಮರಿಹುಳು ಮೇಯುವುದು ತಂಗಡಿ ಮತ್ತು ಅದರ ಬಳಗದ ಗಿಡಗಳನ್ನು, ಇಲ್ಲವೇ ಮುಳ್ಳಿನ ಕಪಾರಿಸ್ ಪೊದೆಗಳನ್ನು. ತಂಗಡಿಯೂ ಮುಳ್ಳುಪೊದೆಯೂ ಹುಟ್ಟುವುದು ಎಲ್ಲಿ? ಅದೇ ಬೀಳು ನೆಲ, ಅದೇ ಬದು, ಅದೇ ಮರಡಿ. ಹೂವಿಗೆ ಆಸರೆ ಕೊಡುವ ಪೊದೆ, ಹೂವಿಗೆ ಬರುವ ಚಿಟ್ಟೆ, ಚಿಟ್ಟೆಯ ಮರಿಗೆ ಮೇವು, ಈ ಮೂರೂ ಒಂದೇ ಜಾಗದವು. ಬರೀ ಗಡ್ಡೆಯನ್ನು ಕಿತ್ತು ಕುಂಡಕ್ಕೆ ಹಾಕಿ ಉಳಿಸಿದೆವೆಂದರೆ ಉಳಿದಿದ್ದು ಮೂರರಲ್ಲಿ ಒಂದೂ ಅಲ್ಲ.

ಈ ಅಂಚುಗಳಿಗೆ ಈಗ ಏನಾಗುತ್ತಿದೆ ಎಂಬುದಕ್ಕೆ ದೊಡ್ಡ ಸಮೀಕ್ಷೆ ಬೇಕಿಲ್ಲ. ಯಾವ ಊರಿನ ಹೊಲದ ದಾರಿ ಹಿಡಿದರೂ ಕಾಣುತ್ತದೆ. ಮುಳ್ಳುಬೇಲಿಯ ಜಾಗಕ್ಕೆ ತಂತಿ ಬಂದಿದೆ. ಹಳೆಯ ಅಗಲದ ಬದುವನ್ನು ಜೆಸಿಬಿ ಒಂದು ಮಧ್ಯಾಹ್ನದಲ್ಲಿ ಮೊಳದಗಲಕ್ಕೆ ಇಳಿಸುತ್ತದೆ. ಉಳಿದ ಬದುವಿನ ಮೇಲೆ ಕಳೆನಾಶಕ ಸಿಂಪಡಿಸುವುದು ಕೂಲಿ ಹಚ್ಚುವುದಕ್ಕಿಂತ ಅಗ್ಗ. ಮರಡಿಯ ಗರಸು ರಸ್ತೆಗೆ, ಮನೆಯ ಅಡಿಪಾಯಕ್ಕೆ ಹೋಗುತ್ತದೆ. ಏನೂ ಮಾಡದೆ ಬಿಟ್ಟ ನೆಲಕ್ಕೆ ಬಳ್ಳಾರಿ ಜಾಲಿ ನುಗ್ಗುತ್ತದೆ. ದೂರದ ಅಮೆರಿಕ ಖಂಡದಿಂದ ತಂದು, ಬರಗಾಲದ ಉರುವಲಿಗೆಂದು ಬೆಳೆಸಿದ ಆ ಗಿಡ ತನ್ನ ಕೆಳಗೆ ಬೇರೆಯದನ್ನು ಸುಲಭಕ್ಕೆ ಬಾಳಗೊಡುವುದಿಲ್ಲ. ರೈತನನ್ನು ದೂರುವ ಉದ್ದೇಶ ನನಗಿಲ್ಲ. ಎರಡೆಕರೆಯವನಿಗೆ ಬದುವಿನ ಎರಡು ಮೊಳ ಎಂದರೆ ತೊಗರಿಯ ಒಂದು ಸಾಲು. ಆದರೆ ಪರಿಣಾಮವನ್ನು ಇದ್ದಂತೆ ಹೇಳಬೇಕು: ಮೊದಲೇ ಗೆರೆಯಷ್ಟು ಸಣ್ಣದಾಗಿದ್ದ ನೆಲೆ ಈಗ ತುಂಡುತುಂಡಾಗಿದೆ.

ಇಲ್ಲಿ ಮೊದಲ ಆಕ್ಷೇಪಣೆ ಬರುತ್ತದೆ. ಈ ಮರಡಿ, ಬೀಳು, ಕುರುಚಲು ಎಲ್ಲ ಒಂದು ಕಾಲದ ದಟ್ಟಕಾಡು ಹಾಳಾಗಿ ಉಳಿದ ಅವಶೇಷವಲ್ಲವೆ? ಹಾಳಾದದ್ದನ್ನು ಹಾಳಾದ ಸ್ಥಿತಿಯಲ್ಲೇ ಕಾಪಾಡುವುದು ಎಂಥ ಸಂರಕ್ಷಣೆ? ಗೌರವದಿಂದ ಎದುರಿಸಬೇಕಾದ ಪ್ರಶ್ನೆ ಇದು, ಏಕೆಂದರೆ ಕೆಲವು ಕಡೆ ಅದು ನಿಜವೂ ಹೌದು. ಆದರೆ ಇಡೀ ಸೀಮೆಗೆ ಅನ್ವಯಿಸಿದರೆ ಚರಿತ್ರೆ ಒಪ್ಪುವುದಿಲ್ಲ. ನಮ್ಮ ನೆರೆಯ ಸುರಪುರ ಸೀಮೆಯ ಬೂದಿಹಾಳದಲ್ಲಿ ಡೆಕ್ಕನ್ ಕಾಲೇಜಿನ ಪುರಾತತ್ವಜ್ಞ ಕೆ. ಪದ್ದಯ್ಯ 1990ರ ದಶಕದಲ್ಲಿ ಅಗೆದ ಬೂದಿದಿಬ್ಬ ದನದ ಸಗಣಿ ಸುಟ್ಟು ಸೇರಿದ್ದು. ನವಶಿಲಾಯುಗದ ಜನ ದನದ ದೊಡ್ಡಿ ಕಟ್ಟಿಕೊಂಡಿದ್ದ ಗುರುತು ಅದು, ವಯಸ್ಸು ನಾಲ್ಕು ಸಾವಿರ ವರ್ಷದ ಆಸುಪಾಸು. ಅಷ್ಟು ಸಗಣಿ ಸೇರಬೇಕಾದರೆ ಎಷ್ಟು ದನ, ಅಷ್ಟು ದನಕ್ಕೆ ಎಷ್ಟು ಹುಲ್ಲು ಎಂದು ಲೆಕ್ಕ ಹಾಕಿ. ದಟ್ಟ ಕಾಡಿನ ನೆರಳಿನಲ್ಲಿ ಅಷ್ಟು ಹುಲ್ಲು ಬೆಳೆಯುವುದಿಲ್ಲ. ಆಮೇಲಿನ ಸಾಕ್ಷಿ ಬೇಕಾದರೆ ಕನ್ನಡ ನಾಡಿನ ಊರೂರಿನಲ್ಲಿ ನಿಂತಿರುವ ತುರುಗೊಳ್ ವೀರಗಲ್ಲುಗಳನ್ನು ನೋಡಬಹುದು: ದನ ಕದ್ದೊಯ್ಯುವವರ ಎದುರು ಬಿದ್ದವರ ಕಲ್ಲುಗಳು. ದನವೇ ಸಂಪತ್ತಾಗಿದ್ದ ನಾಡು ಮೇಯುವ ನೆಲದ ನಾಡಾಗಿರಲೇಬೇಕು. ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸಿನ ಮಳೆ, ಅದೂ ನಾಲ್ಕು ತಿಂಗಳಲ್ಲಿ ಸುರಿದು, ಎಂಟು ತಿಂಗಳು ಒಣಗುವ ಕಡೆ ಹುಲ್ಲು, ಮುಳ್ಳುಪೊದೆ, ಅಲ್ಲೊಂದು ಇಲ್ಲೊಂದು ಮರ ಕೂಡಿದ ನೆಲ ಸಹಜವಾದದ್ದೇ. ಅದರ ಸಸ್ಯಸಂಪತ್ತೂ ಕಡಿಮೆಯದೇನಲ್ಲ. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನ ಪರ್ಯಾಯದ್ವೀಪದ ಇಂಥ ಹುಲ್ಲು-ಕುರುಚಲು ನೆಲಗಳಿಗೆ ಸೀಮಿತವಾದ, ಬೇರೆಲ್ಲೂ ಇಲ್ಲದ 206 ಸಸ್ಯಗಳನ್ನು ಪಟ್ಟಿಮಾಡಿತು. ಅವುಗಳಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚನ್ನು ವಿಜ್ಞಾನ ಗುರುತಿಸಿದ್ದು ಅದಕ್ಕೆ ಹಿಂದಿನ ಎರಡು ದಶಕಗಳಲ್ಲಿ. ಬೀಳು ಎಂದು ತಿರುಗಿ ನೋಡದ ನೆಲದಲ್ಲಿ ಇನ್ನೂ ಹೊಸ ಗಿಡ ಸಿಗುತ್ತಿದೆ ಎಂದರ್ಥ. ಸರ್ಕಾರಿ ನಕಾಶೆಗಳು ಇಂಥ ಕುರುಚಲನ್ನು ಇಂದಿಗೂ ಪಾಳುಭೂಮಿಯ ಬಣ್ಣದಲ್ಲೇ ತೋರಿಸುತ್ತವೆ. ಕಂದಾಯ ಬರದ ನೆಲ ವ್ಯರ್ಥ ಎಂಬ ಬ್ರಿಟಿಷರ ಮತ್ತು ನಿಜಾಮರ ಕಾಲದ ಲೆಕ್ಕ ಇದು. ಕಂದಾಯಕ್ಕೆ ಸರಿ, ಸಸ್ಯಶಾಸ್ತ್ರಕ್ಕೆ ಸರಿಯಲ್ಲ.

ಈ ಬಣ್ಣದಿಂದ ಹುಟ್ಟುವ ಅಪಾಯ ನೆಡುತೋಪು. ಬರದ ಜಿಲ್ಲೆಯಲ್ಲಿ ಗಿಡ ನೆಡಬೇಡಿ ಎಂದು ಯಾರೂ ಹೇಳಲಾರರು, ನಾನೂ ಹೇಳುತ್ತಿಲ್ಲ. ಊರ ಬೀದಿಗೆ ಬೇವು, ಕೆರೆಯ ಏರಿಗೆ ಹೊಂಗೆ, ಹೊಲದ ಬದಿಗೆ ಹುಣಸೆ, ಇವೆಲ್ಲ ಇರಲಿ, ಹೆಚ್ಚಲಿ. ಆದರೆ ಪಾಳೆಂದು ಬಗೆದು ಮರಡಿಯ ಮೇಲೆ ಸಾಲುಸಾಲು ಗುಂಡಿ ತೋಡಿ ನೀಲಗಿರಿಯನ್ನೋ ಗ್ಲಿರಿಸಿಡಿಯಾವನ್ನೋ ತುಂಬಿದರೆ ಎರಡು ನಷ್ಟ. ಗುಂಡಿ ತೋಡುವಾಗಲೇ ಗಡ್ಡೆಯ ತುದಿ ಮುರಿಯುತ್ತದೆ. ಮರ ಎದ್ದಮೇಲೆ ಬೆಳಕು ಮುಚ್ಚುತ್ತದೆ. ಹಸಿರು ಹೆಚ್ಚಿತೆಂದು ಉಪಗ್ರಹದ ಚಿತ್ರ ಹೇಳುತ್ತದೆ, ಕೆಳಗಿನ ಜೀವ ಕಡಿಮೆಯಾದದ್ದನ್ನು ಅದು ಹೇಳುವುದಿಲ್ಲ. ಅಭಯಾರಣ್ಯ ಇದೆಯಲ್ಲ, ಅಲ್ಲಿ ಉಳಿಯಲಿ ಎನ್ನುವವರೂ ಇದ್ದಾರೆ. 2011ರಲ್ಲಿ ಘೋಷಣೆಯಾದ ಚಿಂಚೋಳಿ ವನ್ಯಜೀವಿಧಾಮ 134 ಚದರ ಕಿಲೋಮೀಟರಿಗೂ ಮಿಕ್ಕಿದ ಒಳ್ಳೆಯ ಕಾಡು, ಅದು ಉಳಿಯಲೇಬೇಕು. ಆದರೆ ಅಲ್ಲಿಯ ಚಿಟ್ಟೆ ಕರಜಗಿಯ ಬದುವಿಗೆ ಪರಾಗ ತರುವುದಿಲ್ಲ. ಮೂರು ತಾಲ್ಲೂಕುಗಳ ಸಸ್ಯಗಳನ್ನು ಜಿಲ್ಲೆಯ ಮೂಲೆಯೊಂದರ ಕಾಡಿಗೆ ಒಪ್ಪಿಸಿ ಕೈತೊಳೆದುಕೊಳ್ಳುವುದು ಆಡಳಿತಕ್ಕೆ ಅನುಕೂಲ, ಅಷ್ಟೆ.

ಎರಡನೆಯ ಆಕ್ಷೇಪಣೆ ಇನ್ನೂ ಮೊನಚು. ಗೌರಿಹೂ ನಿಜವಾಗಿ ವಿರಳವೆ? ಆಫ್ರಿಕದಿಂದ ಆಗ್ನೇಯ ಏಷ್ಯದವರೆಗೆ ಹರಡಿದೆ. ಜಿಂಬಾಬ್ವೆಗೆ ಅದು ರಾಷ್ಟ್ರಪುಷ್ಪ, ತಮಿಳುನಾಡಿಗೆ ರಾಜ್ಯಪುಷ್ಪ. ಆಸ್ಟ್ರೇಲಿಯದ ಪೂರ್ವ ಕರಾವಳಿಯ ಮರಳುದಿಬ್ಬಗಳಲ್ಲಿ ಕಳೆಯಾಗಿ ಹಬ್ಬಿ, ಕಿತ್ತು ಹಾಕುವುದೇ ಒಂದು ಕೆಲಸವಾಗಿದೆ. ತಮಿಳುನಾಡಿನ ದಿಂಡಿಗಲ್, ಕರೂರು, ಧಾರಾಪುರ ಕಡೆ ಹೊಲಗಳಲ್ಲೇ ಬೆಳೆದು ಬೀಜವನ್ನು ಔಷಧ ಕಂಪನಿಗಳಿಗೆ ಮಾರುತ್ತಾರೆ. ಇಂಥ ಗಿಡಕ್ಕೆ ಇಷ್ಟು ಕಾಳಜಿ ಏಕೆ? ನನ್ನ ವಾದಕ್ಕೆ ಈ ಆಕ್ಷೇಪಣೆಯೇ ದೊಡ್ಡ ಆಧಾರ. ಆಸ್ಟ್ರೇಲಿಯದಲ್ಲಿ ಕಳೆ, ಇಲ್ಲಿ ಅಪರೂಪ, ಗಿಡ ಮಾತ್ರ ಅದೇ. ಹಾಗಿದ್ದರೆ ವಿರಳತೆ ಗಿಡದ ದೌರ್ಬಲ್ಯದಿಂದ ಬಂದದ್ದಾಗಿರಲು ಸಾಧ್ಯವಿಲ್ಲ. ನೆಲದಿಂದ ಬಂದದ್ದೇ ಇರಬೇಕು. ಒಗ್ಗುವ ನೆಲ ಧಾರಾಳವಾಗಿ ಸಿಕ್ಕಲ್ಲಿ ಹಬ್ಬುತ್ತದೆ, ಸಿಗದಲ್ಲಿ ಕುಗ್ಗುತ್ತದೆ. ಇನ್ನು ತಮಿಳುನಾಡಿನ ಹೊಲಗಳ ವಿಷಯ. ಅಲ್ಲಿ ಬೆಳೆ ಎದ್ದುನಿಂತದ್ದು ಕಾಡಿನಿಂದ ಅಗೆದು ತಂದ ಗಡ್ಡೆಗಳಿಂದ. ಗಡ್ಡೆಯಿಂದ ಬೆಳೆದ ಗಿಡವೆಂದರೆ ತಾಯಿಯದೇ ನಕಲು. ಇಂದಲ್ಲ ನಾಳೆ ಹೊಸ ರೋಗವೋ ಹುಳವೋ ಬಂದಾಗ ತಡೆಯುವ ಗುಣವನ್ನು ಮತ್ತೆ ಕಾಡುಗಿಡಗಳಲ್ಲೇ ಹುಡುಕಬೇಕಾಗುತ್ತದೆ. ಅದಕ್ಕಿಂತ ಕುತೂಹಲದ ಸಂಗತಿ ಇನ್ನೊಂದಿದೆ. ಆ ಹೊಲಗಳಲ್ಲಿ ಕಾಯಿ ಚೆನ್ನಾಗಿ ಕಟ್ಟಲೆಂದು ರೈತರು, ಕೂಲಿ ಹೆಣ್ಣುಮಕ್ಕಳು ಬೆಳಗಿನ ಹೊತ್ತು ಹೂವಿನಿಂದ ಹೂವಿಗೆ ಕೈಯಾರೆ ಪರಾಗ ಮುಟ್ಟಿಸುತ್ತಾರೆ. ಪೊದೆಯಂಚಿನಲ್ಲಿ ಚಿಟ್ಟೆ ಪುಕ್ಕಟೆ ಮಾಡುತ್ತಿದ್ದ ಕೆಲಸಕ್ಕೆ ಅಲ್ಲಿ ದಿನಗೂಲಿ ತೆರಬೇಕು. ಗಿಡ ಉಳಿಯಿತು, ಅದರ ಸಂಸಾರ ಉಳಿಯಲಿಲ್ಲ.

ಮೂರನೆಯದು ವಿಷದ ಮಾತು. ಗೌರಿಹೂವಿನ ಮೈಯೆಲ್ಲ ವಿಷ, ಗಡ್ಡೆಯಲ್ಲಿ ಹೆಚ್ಚು. ಕೋಲ್ಚಿಸಿನ್ ಎಂಬ ಅದರ ಸತ್ವ ಜೀವಕೋಶ ಒಡೆದು ಎರಡಾಗುವುದನ್ನೇ ತಡೆಯುತ್ತದೆ. ಗೆಣಸೆಂದು ಬಗೆದು ತಿಂದವರು ಸತ್ತಿದ್ದಾರೆ. ಆಯುರ್ವೇದ ಇದನ್ನು ಲಾಂಗಲಿ ಎಂಬ ಹೆಸರಿನಲ್ಲಿ ಉಪವಿಷಗಳ ಸಾಲಿಗೆ ಸೇರಿಸಿ, ಶುದ್ಧಿಮಾಡದೆ ಮುಟ್ಟಬಾರದೆಂದು ಕಟ್ಟುಮಾಡಿದೆ. ಹಾಗೆಂದು ಕಿತ್ತೊಗೆಯಬೇಕೆ? ಬೇಲಿಯ ಕಳ್ಳಿ, ಎಕ್ಕೆ, ಉಮ್ಮತ್ತಿಗಳೂ ವಿಷವೇ. ಅವುಗಳ ಜೊತೆ ಊರುಗಳು ಬಾಳಿವೆ, ಏಕೆಂದರೆ ಜನಕ್ಕೆ ಅವುಗಳ ಪರಿಚಯವಿದೆ. ಪರಿಚಯ ತಪ್ಪಿದಾಗಲೇ ಅಪಾಯ. ಅದೇ ಕೋಲ್ಚಿಸಿನ್ ಅಳತೆಯಲ್ಲಿ ಕೊಟ್ಟರೆ ಗೌಟ್ ಎಂಬ ಕೀಲುಬಾವಿಗೆ ಔಷಧ. 1937ರಲ್ಲಿ ವಿಜ್ಞಾನಿಗಳಾದ ಬ್ಲೇಕ್ಸ್ಲೀ ಮತ್ತು ಏವರಿ ಅದರಿಂದ ಸಸ್ಯಗಳ ವರ್ಣತಂತುಗಳನ್ನು ಇಮ್ಮಡಿ ಮಾಡಬಹುದೆಂದು ತೋರಿಸಿದ ಮೇಲೆ ತಳಿ ಅಭಿವೃದ್ಧಿಯ ದಾರಿಯೇ ಬದಲಾಯಿತು. ಬೀಜವಿಲ್ಲದ ಕಲ್ಲಂಗಡಿ ಆ ದಾರಿಯ ಫಲ. ವಿಷಕ್ಕೆ ಈ ನೆಲದಲ್ಲಿ ಇನ್ನೊಂದು ಉಪಯೋಗವೂ ಉಂಟು, ಅದು ಗಿಡಕ್ಕೇ ಆಗುವ ಉಪಯೋಗ: ದನ, ಕುರಿ ಅದನ್ನು ಮೇಯಲು ಹೋಗುವುದಿಲ್ಲ. ಸುತ್ತಲ ಹುಲ್ಲನ್ನು ಮೇದು ನೆಲಕ್ಕೆ ಬೆಳಕು ಬಿಡುತ್ತವೆ, ಇದನ್ನು ಬಿಡುತ್ತವೆ. ಆದ್ದರಿಂದ ಹದವಾದ ಮೇಯುವಿಕೆ ಈ ಹೂವಿಗೆ ಶತ್ರುವಲ್ಲ. ನೆಲಕ್ಕೆ ಬೇಲಿ ಹಾಕಿ ದನ ತಡೆಯುವುದೇ ಸಂರಕ್ಷಣೆ ಎಂದು ತಿಳಿದವರಿಗೆ ಇದು ಒಗ್ಗುವುದು ಕಷ್ಟ.

ಕೊನೆಗೆ ಖರ್ಚು ಯಾರದು ಎಂಬ ಪ್ರಶ್ನೆ. ಸಣ್ಣ ರೈತನ ಬದುವನ್ನು ಮುಟ್ಟದೆಯೂ ಕೆಲಸ ಮಾಡಲು ಸಾಕಷ್ಟು ನೆಲವಿದೆ. 1966ರ ಕರ್ನಾಟಕ ಭೂಕಂದಾಯ ನಿಯಮಗಳು ನೂರು ದನಕ್ಕೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಇರಬೇಕೆನ್ನುತ್ತವೆ. ಅದು ಇದ್ದಲ್ಲಿ ಅದರ ಮರಡಿ ಭಾಗ, ಹಳ್ಳದ ದಂಡೆ, ಸ್ಮಶಾನದ ಬೇಲಿ, ದರ್ಗಾ ಮತ್ತು ಗುಡಿಗಳ ಸುತ್ತಲ ಬನ, ಬಂಡಿದಾರಿಯ ಎರಡು ಮಗ್ಗುಲು, ಇವೆಲ್ಲ ಯಾರೊಬ್ಬರ ಹೊಲವೂ ಅಲ್ಲ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡಮರಗಳ ಜನತಾ ದಾಖಲಾತಿ ಇಡಬೇಕು. ಇಂಥ ದಾಖಲಾತಿಯಲ್ಲಿ ಗಿಡದ ಹೆಸರಿಗಿಂತ ಜಾಗದ ಹೆಸರು ಮುಖ್ಯ: ಯಾವ ಸರ್ವೆ ನಂಬರಿನ ಯಾವ ಬದಿ, ಯಾವ ಹಳ್ಳದ ಯಾವ ದಂಡೆ, ಯಾವ ಪೊದೆಯಲ್ಲಿ. ಗುಲಬರ್ಗಾ ವಿಶ್ವವಿದ್ಯಾಲಯದ ಸೀತಾರಾಮ್, ಕೊಟ್ರೇಶ, ಉಪ್ಲಾಂವಕರ್ 2000ದಲ್ಲಿ ಜಿಲ್ಲೆಯ ಸಸ್ಯಗಳ ಪುಸ್ತಕ ತಂದಾಗಿನಿಂದ ಹೆಸರಿನ ಕೆಲಸಕ್ಕೆ ಆಧಾರ ಸಿದ್ಧವಿದೆ; ಜಾಗದ ಕೆಲಸವನ್ನು ಊರವರಲ್ಲದೆ ಬೇರೆ ಯಾರೂ ಮಾಡಲಾರರು. ಹೀಗೆ ಗುರುತಿಸಿದ ಜಾಗಗಳಲ್ಲಿ ಮಳೆಗಾಲದ ನಾಲ್ಕು ತಿಂಗಳು ಜೆಸಿಬಿ, ಕಳೆನಾಶಕಗಳನ್ನು ತಡೆದರೆ ಅರ್ಧ ಕೆಲಸ ಆದಂತೆ. ಬೇಲಿ ಸವರುವುದು, ಹಳ್ಳದ ದಂಡೆ ಹಸನು ಮಾಡುವುದು ಬೇಕೇ ಬೇಕೆಂದರೆ ಶ್ರಾವಣದಲ್ಲಿ ಮಾಡದೆ ಕಾರ್ತಿಕ ಕಳೆದ ಮೇಲೆ ಮಾಡಬಹುದು. ಆ ಹೊತ್ತಿಗೆ ಕಾಯಿ ಒಡೆದು ಕೆಂಪು ಬೀಜ ಉದುರಿರುತ್ತದೆ, ಬಳ್ಳಿ ತಾನಾಗಿ ಒಣಗಿರುತ್ತದೆ, ಹೊಸ ಗಡ್ಡೆ ನೆಲದೊಳಗೆ ಬಲಿತಿರುತ್ತದೆ. ಕುಡುಗೋಲು ಎಷ್ಟು ಸವರಿದರೂ ಅದಕ್ಕೆ ತಾಗುವುದಿಲ್ಲ.